ದಾಖಲೆ ಇಟ್ಟವರು ಯಾರು, ಯಾಕೆ?



ಶ್ರೀಕೃಷ್ಣ ಪಾರಿಜಾತದ ಆಟಕ್ಕೆ ಹೆಸರಾದ ತಮ್ಮಣ್ಣನ ಊರು ಈ ಕುಲಗೋಡ. ಬೆಳತನಕ ಆಟ ನೋಡುವ ನಿಮಗೆ ಅರ್ಧ ತಾಸಿನ ಮಾತು ಭಾರವಾಗಲಿಕ್ಕಿಲ್ಲ. ದಾಖಲೆ ಇಟ್ಟವರು ಯಾರು, ಯಾಕೆ ಎಂಬುದನ್ನು ಚೀನಾದಲ್ಲೂ ನಮ್ಮಲ್ಲೂ ನೋಡೋಣ.

ಚೀನಾದ ಅತಿ ಹಳೆಯ ದಾಖಲೆಗಳು ಎತ್ತಿನ ಹೆಗಲೆಲುಬು, ಆಮೆಯ ಚಿಪ್ಪಿನ ಮೇಲಿವೆ. ಮೂರು ಸಾವಿರ ವರ್ಷಕ್ಕೂ ಹಿಂದಿನವು. ಮಳೆ ಬಂದೀತೇ, ದಂಡೆತ್ತಿ ಹೋಗಬಹುದೇ, ರಾಣಿಗೆ ಸುಸೂತ್ರ ಹೆರಿಗೆಯಾದೀತೇ ಎಂದು ಶಾಂಗ್ ವಂಶದ ಅರಸರು ಕೇಳಿಸುತ್ತಿದ್ದರು. ಎಲುಬಿಗೆ ಕಾವು ಕೊಟ್ಟು, ಬಿಟ್ಟ ಬಿರುಕು ನೋಡಿ ಶಕುನ ಹೇಳುವುದು. ಆಮೇಲೆ ದಿನ, ಶಕುನಿಗನ ಹೆಸರು, ಪ್ರಶ್ನೆ, ಒಮ್ಮೊಮ್ಮೆ ಫಲವನ್ನೂ ಅಲ್ಲೇ ಕೊರೆಯುವುದು. ದಿನದೆಣಿಕೆ ಅರವತ್ತರ ಚಕ್ರದ್ದು. ನಮ್ಮಲ್ಲಿ ಸಂವತ್ಸರಗಳೂ ಅರವತ್ತೇ ಅಲ್ಲವೇ! ಇತಿಹಾಸ ಬರೆಯೋಣವೆಂದು ಅಲ್ಲಿ ಯಾರೂ ಕೂತಿರಲಿಲ್ಲ.

ನಮ್ಮಲ್ಲೂ ಅಷ್ಟೆ. ಬೆಳಗಾವಿಯಲ್ಲಿ ರಟ್ಟ ವಂಶದ ಅರಸ ನಾಲ್ಕನೇ ಕಾರ್ತವೀರ್ಯನ 1204ರ ಶಾಸನಗಳಿದ್ದವು. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿವೆ, ನಮ್ಮ ಕಲ್ಲು ನೋಡಲು ನಮಗೇ ವೀಸಾ ಬೇಕು. ಅವುಗಳಲ್ಲಿ ವಂಶದ ಹೊಗಳಿಕೆ, ಶಕವರ್ಷ, ತಿಥಿ, ವಾರ ಎಲ್ಲ ಇವೆ. ಆದರೆ ಕಲ್ಲು ನಿಲ್ಲಿಸಿದ್ದು ರಟ್ಟ ಜಿನಾಲಯಕ್ಕೆ ಬಿಟ್ಟ ದತ್ತಿ ಉಳಿಯಲೆಂದು. ಇಂದಿನ ಖರೀದಿಪತ್ರಕ್ಕೆ ತಾರೀಖು ಬೇಕಾದಂತೆ ಅದಕ್ಕೂ ಬೇಕಿತ್ತು. ಇತಿಹಾಸ ನಮಗೆ ಪುಕ್ಕಟೆ ಸಿಕ್ಕಿತು.

ಬರೆದದ್ದನ್ನು ಕಾಯುವವರು ಯಾರು? ನಮ್ಮ ಶಾಸನಗಳ ಕೊನೆಗೆ ಶಾಪವಿರುತ್ತದೆ, ದತ್ತಿ ಕಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗುತ್ತಾನೆಂದು. ಚೀನಾದಲ್ಲಿ ಬರೆದವನ ಜೀವವೇ ಪಣ. ಕ್ರಿ.ಪೂ. 548ರಲ್ಲಿ ಚೀ ರಾಜ್ಯದ ಮಂತ್ರಿ ತ್ಸುಯ್ ಝು ತನ್ನ ದೊರೆಯನ್ನು ಕೊಲ್ಲಿಸಿದ. ಆಸ್ಥಾನದ ಬರಹಗಾರ ಅದನ್ನು ಇದ್ದಂತೆ ಬರೆದ, ತಲೆ ಹೋಯಿತು. ಜಾಗಕ್ಕೆ ಬಂದ ತಮ್ಮಂದಿರೂ ಅದನ್ನೇ ಬರೆದು ಸತ್ತರು. ಇನ್ನೊಬ್ಬ ತಮ್ಮನೂ ಅದನ್ನೇ ಬರೆದಾಗ ಮಂತ್ರಿ ಸೋತು ಸುಮ್ಮನಾದ. ‘ತ್ಸೋ ಝುವಾನ್’ ಗ್ರಂಥದಲ್ಲಿ ಈ ಕಥೆಯಿದೆ. ಇಂಥ ಹಟಮಾರಿ ನಮ್ಮ ಕಲ್ಲುಗಳಲ್ಲಿ ನನಗಂತೂ ಕಂಡಿಲ್ಲ. ಅರಸನ ಖರ್ಚಿನಲ್ಲಿ ಅರಸನ ತಪ್ಪು ಕೆತ್ತುವವರಾರು?

ಸೋತವರ ಮಾತು ನಮ್ಮಲ್ಲಿ ಲಾವಣಿಗೆ ಬಂತು. ರಟ್ಟರ ಹಲವು ಶಾಸನ ಓದಿದ ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಾಹೇಬರೇ ಈ ಸೀಮೆಯ ಲಾವಣಿಗಳನ್ನೂ ಸಂಗ್ರಹಿಸಿ ಅಚ್ಚುಹಾಕಿಸಿದರು. ಮುಧೋಳ ಸೀಮೆಯ ಹಲಗಲಿಯ ಬೇಡರದು ಅವುಗಳಲ್ಲೊಂದು. 1857ರಲ್ಲಿ ಹತಾರ ಒಪ್ಪಿಸಿರೆಂದು ಕಂಪನಿ ಸರಕಾರ ಹೇಳಿತು, ಬೇಡರು ಒಪ್ಪಲಿಲ್ಲ, ದಂಡು ಬಂದು ಊರು ಸುಟ್ಟಿತು. ಹನುಮ, ಬಾಲ, ಜಡಗ, ರಾಮ ಎಂದು ಲಾವಣಿಕಾರ ಹೆಸರು ಹಿಡಿದೇ ಹೇಳುತ್ತಾನೆ. ದಂಡಿನವರು ದೋಚಿದ್ದರ ಯಾದಿಯನ್ನೂ ಕೊಡುತ್ತಾನೆ: ಹಾಲು, ಉಪ್ಪು, ಜೀರಿಗೆ, ಮಂಗಳಸೂತ್ರ, ಬೀಸುಕಲ್ಲು ಸಹ.