ಮನೆ ಎರಡಾದಾಗ ಸರ್ಕಾರದ ಪಾಲು
(ಸರ್ಜಾಪುರದ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರು ಹೇಳಿದರು. ಉಂಡು ಮಲಗಿದರೂ ಮುಗಿಯದ ಜಗಳಗಳಿವೆ. ಅವು ಕೋರ್ಟಿನಲ್ಲಿ ಮುಗಿದ ಮೇಲೆ ಉಳಿಯುವುದು ಒಂದು ಮನೆ. ಯಾರು ಇಟ್ಟುಕೊಳ್ಳಬೇಕು, ಬಿಟ್ಟವರಿಗೆ ಎಷ್ಟು ಕೊಡಬೇಕು ಎಂದು ಇಬ್ಬರೂ ಒಪ್ಪುತ್ತಾರೆ. ಬಾಗಿಲಲ್ಲಿ ಮೂರನೆಯ ಪಾಲುದಾರನೊಬ್ಬ ನಿಂತಿರುವುದು ಇಬ್ಬರಿಗೂ ತಿಳಿದಿರುವುದಿಲ್ಲ. ಅವನೇ ಸರ್ಕಾರ.

ಒಂದು ಕಾಲಕ್ಕೆ ಮಗ್ಗಕ್ಕೆ ಹೆಸರಾಗಿದ್ದ ನಮ್ಮ ಸರ್ಜಾಪುರದಲ್ಲಿ ಇಂದು ನೆಲದ ಬೆಲೆ ಕೈಗೆ ಎಟುಕದು. ಒಂದು ಲೆಕ್ಕ ಹಾಕೋಣ. ಇಬ್ಬರೂ ದುಡಿಯುವ ದಂಪತಿ 2016ರಲ್ಲಿ ಜಂಟಿ ಹೆಸರಿನಲ್ಲಿ 16 ಲಕ್ಷಕ್ಕೆ ಮನೆ ಕೊಂಡರು ಎನ್ನಿ. ಈಗ ಅದರ ಬೆಲೆ 48 ಲಕ್ಷ. ವಿಚ್ಛೇದನವಾಯಿತು. ಮಕ್ಕಳೊಡನೆ ಮನೆ ತಾಯಿಗೆ. ಆಕೆ ಸಾಲ ಮಾಡಿ ಅವನ ಅರ್ಧಕ್ಕೆ 24 ಲಕ್ಷ ಕೊಡುತ್ತಾಳೆ. ಅವನ ಪಾಲಿನ ಅಸಲು 8 ಲಕ್ಷ. ಉಳಿದ 16 ಲಕ್ಷ ಕಾನೂನಿನ ಕಣ್ಣಿಗೆ ಬಂಡವಾಳ ಲಾಭ! ಶೇಕಡಾ 12.5ರಂತೆ 2 ಲಕ್ಷ ತೆರಿಗೆ, ಅದರ ಮೇಲೆ ಶೇಕಡಾ 4 ಸೆಸ್, ಒಟ್ಟು 2,08,000 ರೂಪಾಯಿ. ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ಸಿಗುವ 12 ಲಕ್ಷದವರೆಗಿನ ರಿಯಾಯಿತಿ ಈ ಲಾಭಕ್ಕೆ ಸಿಗದು.

ಆಕೆಯ ಕಡೆ ನೋಡಿ. ಶೇಕಡಾ 5 ಮುದ್ರಾಂಕ ಶುಲ್ಕವೆಂದರೆ 1,20,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿತು, ಅದು 48,000. ಮೇಲಿನ ಸೆಸ್ಸುಗಳು ಬೇರೆ. ಗಂಡ ಹೆಂಡತಿಯ ನಡುವಿನ ದಾನಪತ್ರಕ್ಕೂ ಹಕ್ಕು ಬಿಡುಗಡೆ ಪತ್ರಕ್ಕೂ ಗೊತ್ತುಪಡಿಸಿದ ಸಣ್ಣ ಶುಲ್ಕ ಸಾಕು. ಡಿಕ್ರಿಯಾದ ಮರುದಿನ ಅವರು ಕಾನೂನಿಗೆ ಪರಕೀಯರು.

ಬೆಲೆ ಕಡಿಮೆ ಬರೆಸಿದರಾಯಿತು ಎನ್ನುವವರುಂಟು. ಆ ಬಲೆಗೆ ಬೀಳಬೇಡಿ. ಮಾರ್ಗಸೂಚಿ ಬೆಲೆ ನೀವು ಬರೆಸಿದ್ದಕ್ಕಿಂತ ಶೇಕಡಾ 10ಕ್ಕೂ ಹೆಚ್ಚಿದ್ದರೆ ಕೊಟ್ಟವನಿಗೆ ಅದರ ಮೇಲೆಯೇ ತೆರಿಗೆ. ಆ ವ್ಯತ್ಯಾಸ ಕೊಂಡವಳ ಆದಾಯವಾಗಿಬಿಡುತ್ತದೆ.

ಹಾಗಾದರೆ ದಾರಿಯೇನು? ಬಿಟ್ಟುಕೊಟ್ಟವರು ಆ ಲಾಭದಲ್ಲಿ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ, ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ, ಅಷ್ಟಕ್ಕೆ ವಿನಾಯಿತಿ ಇದೆ. ಖರ್ಚಾಗದ ಹಣವನ್ನು ಲೆಕ್ಕಪತ್ರ ಸಲ್ಲಿಸುವ ಗಡುವಿನೊಳಗೆ ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿಡಬೇಕು. ಡಿಕ್ರಿಗೆ ಮೊದಲೇ, ಹಣ ಪಡೆಯದೆ, ನಿಜವಾಗಿ ದಾನ ಮಾಡಿದರೆ ತೆರಿಗೆಯಿಲ್ಲ. ಆದರೆ ಸೋದರಿಯರೇ, ತೆರಿಗೆ ಉಳಿಸುವ ಆತುರದಲ್ಲಿ ನಿಮ್ಮ ಪಾಲನ್ನು ದಾನವೆಂದು ಬರೆದುಕೊಡಬೇಡಿ. ಕೊಟ್ಟ ದಾನ ಹಿಂದಕ್ಕೆ ಬಾರದು. ಇನ್ನೊಂದು ಮಾತು: ಮನೆಯ ವಿಷಯ ವಿಚ್ಛೇದನದ ಅರ್ಜಿಯಲ್ಲೇ ಇರಲಿ. ಅರ್ಜಿಯಲ್ಲಿಲ್ಲದ ಆಸ್ತಿಯನ್ನು ರಾಜಿಯಲ್ಲಿ ಸೇರಿಸಿದರೆ ಆ ಡಿಕ್ರಿಗೂ ನೋಂದಣಿ ಬೇಕಾಗುತ್ತದೆ. ಇದನ್ನು ವಕೀಲರಲ್ಲಿ ಮೊದಲೇ ಕೇಳಿ.

ಇದಕ್ಕಿಂತ ದೊಡ್ಡ ಅನ್ಯಾಯವೊಂದಿದೆ. ಅವನ ಸಂಬಳ ಸಾಲದ ಕಂತಿಗೆ ಹೋಗುತ್ತದೆ, ಅವಳ ಸಂಬಳ ಅಕ್ಕಿ ಬೇಳೆಗೆ, ಮಕ್ಕಳ ಶಾಲೆಗೆ. ಪತ್ರದಲ್ಲಿ ಮಾತ್ರ ಅವನೊಬ್ಬನ ಹೆಸರು. 1955ರ ಹಿಂದೂ ವಿವಾಹ ಕಾಯಿದೆಯ 27ನೆಯ ಕಲಂ ಮಾತಾಡುವುದು ಮದುವೆಯ ಸಮಯದಲ್ಲಿ ಬಂದ ಜಂಟಿ ಆಸ್ತಿಯನ್ನು ಕುರಿತು. ಆಮೇಲೆ ಬೆವರು ಸುರಿಸಿ ಕೂಡಿಸಿದ್ದನ್ನು ಕುರಿತಲ್ಲ. ಆದ್ದರಿಂದ ಇಬ್ಬರ ಹೆಸರೂ ಪತ್ರದಲ್ಲಿರಲಿ, ಕೊಟ್ಟ ಹಣದ ರಸೀದಿ ಪೆಟ್ಟಿಗೆಯಲ್ಲಿರಲಿ.

ಅಮೆರಿಕದಲ್ಲಿ 1984ರಿಂದ ವಿಚ್ಛೇದನದ ನಿಮಿತ್ತ ಕೈಬದಲಾದ ಮನೆಯನ್ನು ಆ ಹೊತ್ತಿಗೆ ಲಾಭವೆಂದು ಎಣಿಸುವುದಿಲ್ಲ. ಇಂಗ್ಲೆಂಡಿನಲ್ಲಿ 2023ರಿಂದ ಬೇರೆಯಾದ ದಂಪತಿಗೆ ಮೂರು ವರ್ಷಗಳ ಅವಕಾಶವುಂಟು. ನಮ್ಮಲ್ಲಿ 1961ರ ಆದಾಯ ತೆರಿಗೆ ಕಾಯಿದೆ ಹೋಗಿ 2025ರ ಕಾಯಿದೆ 2026ರ ಏಪ್ರಿಲ್ 1ರಿಂದ ಬಂತು. ಈ ವಿನಾಯಿತಿ ಮಾತ್ರ ಬರಲಿಲ್ಲ. ಮನೆ ಮಾರಿ ಲಾಭ ಮಾಡಿದವನೂ, ಮನೆ ಮುರಿದು ಪಾಲು ಪಡೆದವನೂ ಒಂದೇ ತಕ್ಕಡಿಯಲ್ಲಿ! ಇದನ್ನು ನಿಮ್ಮ ಸಂಘಗಳಲ್ಲಿ ಚರ್ಚಿಸಿ, ಮತ ಕೇಳಲು ಬಂದವರ ಮುಂದಿಡಿ. ದುಡಿದವರ ಸೂರಿನ ಮೇಲೆ ಕೈಯಿಡುವ ಮುನ್ನ ಸರ್ಕಾರ ಒಂದು ಕ್ಷಣ ಯೋಚಿಸಲಿ.