ರೈಲ್ವೆಗೆ ಹೊಸಬರು ಬೇಕೋ, ಅನುಭವಸ್ಥರು ಬೇಕೋ?

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)





ಸಂಘದವರು ನನಗೆ ಕೊಟ್ಟ ವಿಷಯ ‘ಯುವಕರು ಮತ್ತು ಉದ್ಯೋಗ’. ಅದು ಭಾಳ ದೊಡ್ಡ ವಿಷಯ, ರಾತ್ರಿ ಬೆಳಗಾದರೂ ಮುಗಿಯೂದಿಲ್ಲ. ಅದಕ್ಕ ನಮ್ಮ ಅಭ್ಯಾಸಿಕೆಯ ಒಬ್ಬ ಹುಡುಗ ಕೇಳಿದ ಒಂದೇ ಪ್ರಶ್ನೆ ತಗೋತೀನಿ. “ಕಾಕಾ, ರೈಲ್ವೆದವರು ಡ್ರೈವರ್ ಕೆಲಸಕ್ಕ ಏನೂ ಬರದ ಹೊಸಬರನ್ನ ತಗೊಂಡು ತಾವೇ ಕಲಸ್ತಾರಂತ. ಮತ್ತ ಅನುಭವ ಇದ್ದವರಿಗೆ ಕಿಮ್ಮತ್ತಿಲ್ಲೇನು?” ಅವ ಐದು ವರ್ಷದಿಂದ ಕಬ್ಬಿನ ಟ್ರ್ಯಾಕ್ಟರ್ ಓಡಿಸ್ತಾನ. ಹೀಗಾಗಿ ಪ್ರಶ್ನೆಯೊಳಗೆ ಸ್ವಲ್ಪ ಸಿಟ್ಟೂ ಇತ್ತು.

ನಾನು ಡ್ರೈವರ್ ಅಲ್ಲ. ರೈಲ್ವೆಯಲ್ಲಿ ಡ್ರೈವರುಗಳ ಡ್ಯೂಟಿ ಬರೆಯುವ ಲಾಬಿಯಲ್ಲಿ ಕೂತು ನಿವೃತ್ತನಾದವನು. ಯಾರು ಯಾವ ಗಾಡಿಗೆ, ಯಾರಿಗೆ ರಜೆ, ಯಾರು ಹೊಸ ದಾರಿ ಕಲಿಯಲು ಹೋಗಿದ್ದಾರೆ, ಇದೆಲ್ಲ ನನ್ನ ಪುಸ್ತಕದಾಗ ಇರ್ತಿತ್ತು. ಆ ಕಡೆಯಿಂದ ನೋಡಿದ್ದನ್ನ ಹೇಳ್ತೀನಿ.

ಮೊದಲು ನೇರ ಉತ್ತರ. ಭಾರತೀಯ ರೈಲ್ವೆಯಲ್ಲಿ ಹೊರಗಿನಿಂದ ನೇರ ಡ್ರೈವರ್ ಆಗಿ ಯಾರೂ ಬರುವುದಿಲ್ಲ. ಬರುವವರೆಲ್ಲ ಅಸಿಸ್ಟಂಟ್ ಲೋಕೋ ಪೈಲಟ್, ಅಂದರೆ ಸಹಾಯಕ ಚಾಲಕ. ಬಾಗಿಲು ಅದೊಂದೇ. ಒಳಗೆ ಬಂದ ಮೇಲೆ ಸೀನಿಯರ್ ಅಸಿಸ್ಟಂಟ್, ಆಮೇಲೆ ಶಂಟಿಂಗ್, ಆಮೇಲೆ ಮಾಲಗಾಡಿ, ಆಮೇಲೆ ಪ್ಯಾಸೆಂಜರ್, ಕೊನೆಗೆ ಮೇಲ್ ಎಕ್ಸ್‌ಪ್ರೆಸ್. ಒಂದೊಂದು ಮೆಟ್ಟಿಲಿಗೆ ವರ್ಷಗಳು ಬೇಕು. ಲಾರಿ, ಟ್ರ್ಯಾಕ್ಟರ್, ಜೆಸಿಬಿ ಅನುಭವ ಅಲ್ಲಿ ಲೆಕ್ಕಕ್ಕೆ ಬರೂದಿಲ್ಲ. 2019ರಲ್ಲಿ ಲಖನೌ–ದಿಲ್ಲಿ ತೇಜಸ್ ಗಾಡಿ ಶುರುವಾದಾಗ ‘ಪ್ರೈವೇಟ್ ರೈಲು’ ಅಂತ ದೊಡ್ಡ ಸುದ್ದಿ ಆಯಿತಲ್ಲ, ಅದರ ಇಂಜಿನ್ನಿನಲ್ಲಿ ಕೂತವರೂ ರೈಲ್ವೆಯ ಡ್ರೈವರುಗಳೇ.

ಯಾಕೆ ಹೀಗೆ? ರೈಲು ಓಡಿಸುವುದರಲ್ಲಿ ಸ್ಟೇರಿಂಗ್ ಇಲ್ಲ. ಓಡಿಸೂದಕ್ಕಿಂತ ನಿಲ್ಲಿಸೂದೇ ವಿದ್ಯೆ. ಜೋರಿನಲ್ಲಿರುವ ಮೇಲ್ ಗಾಡಿ ಬ್ರೇಕ್ ಹಾಕಿದ ಮೇಲೂ ಸುಮಾರು ಒಂದು ಕಿಲೋಮೀಟರ್ ಹೋಗಿಯೇ ನಿಲ್ಲುತ್ತದೆ. ಕಣ್ಣಿಗೆ ಕಂಡ ಮೇಲೆ ಬ್ರೇಕ್ ಹಾಕುತ್ತೇನೆ ಅಂದರೆ ಆಗೂದಿಲ್ಲ. ಮುಂದೆ ಏರು ಎಲ್ಲಿ, ಇಳುಕಲು ಎಲ್ಲಿ, ತಿರುವಿನ ಹಿಂದೆ ಯಾವ ಸಿಗ್ನಲ್ ಇದೆ, ಎಲ್ಲಾ ಬಾಯಿಪಾಠ ಇರಬೇಕು. ಅದಕ್ಕೇ ‘ರೋಡ್ ಲರ್ನಿಂಗ್’ ಅಂತಾರೆ. ನಮ್ಮ ಮಿರಜದಿಂದ ಪುಣೆಗೆ ಇಪ್ಪತ್ತು ವರ್ಷ ಓಡಿಸಿದವನನ್ನು ನಾಳೆ ಪಂಢರಪುರ ಮಾರ್ಗಕ್ಕೆ ಕಳಿಸಬೇಕಾದರೂ ಮೊದಲು ಬೇರೆಯವರ ಜೊತೆ ಹೋಗಿ ಅವ ದಾರಿ ಕಲಿಯಬೇಕು. ಅಷ್ಟೇ ಅಲ್ಲ, ಗೊತ್ತಿದ್ದ ದಾರಿಯಲ್ಲೇ ಮೂರು ತಿಂಗಳಿಗಿಂತ ಹೆಚ್ಚು ಹೋಗದಿದ್ದರೆ ಮತ್ತೆ ಕಲಿಕೆಯ ಟ್ರಿಪ್ ಮಾಡಬೇಕು. ಅಂದಮೇಲೆ ರೈಲ್ವೆಯಲ್ಲಿ ಅನುಭವಕ್ಕೆ ಕಿಮ್ಮತ್ತಿಲ್ಲ ಅನ್ನೂದು ತಪ್ಪು. ಕಿಮ್ಮತ್ತು ಭಾಳ ಇದೆ, ಆದರೆ ಆ ಅನುಭವ ಒಳಗೇ ಹುಟ್ಟಬೇಕು.

ಇಂಗ್ಲೆಂಡಿನಲ್ಲಿ ಬೇರೆ ಪದ್ಧತಿ. ಅಲ್ಲಿ ರೈಲು ಓಡಿಸುವ ಕಂಪನಿಗಳು ಹಲವು. ಒಂದು ಕಂಪನಿ ಖರ್ಚು ಮಾಡಿ ಕಲಿಸಿದ ಡ್ರೈವರನ್ನು ಇನ್ನೊಂದು ಕಂಪನಿ ಹೆಚ್ಚು ಪಗಾರ ತೋರಿಸಿ ಕರಕೊಳ್ಳಬಹುದು. ಅಲ್ಲಿ ‘ಹೊಸಬನೋ ಹಳಬನೋ’ ಅನ್ನುವ ಜಗಳಕ್ಕೆ ಅರ್ಥ ಇದೆ. ನಮ್ಮಲ್ಲಿ ದೊಡ್ಡ ಧಣಿ ಒಬ್ಬನೇ.

ಇನ್ನು ನಮಗೆ ಸಂಬಂಧಪಟ್ಟ ಮಾತಿಗೆ ಬರ್ತೀನಿ. ಹೊಸಬರಿಗೆ ಬಾಗಿಲು ತೆರೆದಿರುವುದು ನಮಗೆ ಅನುಕೂಲವೋ ಅನಾನುಕೂಲವೋ?

ಬ್ರಿಟಿಷರ ಕಾಲದಲ್ಲಿ ಮೇಲ್ ಗಾಡಿಯ ಇಂಜಿನ್ ಹೆಚ್ಚಾಗಿ ಯುರೋಪಿಯನ್ನರ, ಆಂಗ್ಲೋ ಇಂಡಿಯನ್ನರ ಕೈಯಲ್ಲಿತ್ತು. ಕಲ್ಲಿದ್ದಲು ಹಾಕಿ ಹಾಕಿ ಮೈ ಕರಗಿಸಿದ ನಮ್ಮ ದೇಶದ ಫೈರ್‌ಮನ್‌ಗೆ ದಾರಿ ಪೂರಾ ಗೊತ್ತಿದ್ದರೂ ಆ ಜಾಗ ಸಿಗುವುದು ದುರ್ಲಭ. 1934ರಲ್ಲಿ ಸರ್ಕಾರ ರೈಲ್ವೆ ನೇಮಕಾತಿಯಲ್ಲಿ ಆಂಗ್ಲೋ ಇಂಡಿಯನ್ನರಿಗೆ ನೂರಕ್ಕೆ 8 ಜಾಗ ಇಟ್ಟಿತು. ನಮ್ಮ ಸಂವಿಧಾನದ 336ನೆಯ ಕಲಮು ಕೂಡ ಅವರಿಗೆ ರೈಲ್ವೆಯಲ್ಲಿ ಹತ್ತು ವರ್ಷದ ಮಟ್ಟಿಗೆ ರಕ್ಷಣೆ ಕೊಟ್ಟು ಆಮೇಲೆ ನಿಲ್ಲಿಸಿತು. ಆ ಜನರ ಮೇಲೆ ನನಗೇನೂ ಸಿಟ್ಟಿಲ್ಲ. ಮೀಸಲಾತಿ ಅಂದರೆ ಮೂಗು ಮುರಿಯುವವರಿಗೆ ಈ ಕಥಿ ಹೇಳ್ರಿ, ಅಷ್ಟೇ.

ನಮ್ಮವರು ಆಗ ಎಲ್ಲಿದ್ದರು? 1938ರ ಫೆಬ್ರುವರಿ 12 ಮತ್ತು 13ರಂದು ಮನಮಾಡದಲ್ಲಿ ಜಿ.ಐ.ಪಿ. ರೈಲ್ವೆಯ ದಲಿತ ಕಾಮಗಾರರ ಪರಿಷತ್ತು ನಡೆಯಿತು. ಇವತ್ತಿನ ನಮ್ಮ ಸೆಂಟ್ರಲ್ ರೈಲ್ವೆಯ ಹಳೇ ಹೆಸರೇ ಜಿ.ಐ.ಪಿ. ಬಾಬಾಸಾಹೇಬರು ಅಲ್ಲಿ ಮಾತಾಡಿದರು. ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ಕಾಮಗಾರರ ವೈರಿಗಳು ಅಂದದ್ದು ಆ ಭಾಷಣದಲ್ಲೇ. ಆ ಮಾತು ಎಲ್ಲರಿಗೂ ನೆನಪಿದೆ. ಅದೇ ಭಾಷಣದಲ್ಲಿ ರೈಲ್ವೆಯ ಒಂದೊಂದು ಕೆಲಸದ ಹೆಸರು ಹಿಡಿದು ಅವರು ಮಾಡಿದ ಲೆಕ್ಕ ಮಾತ್ರ ಮರೆತುಹೋಗಿದೆ. ಅಸ್ಪೃಶ್ಯನಿಗೆ ಸಿಗುವುದು ಗ್ಯಾಂಗ್‌ಮನ್ ಕೆಲಸ, ಅಂದರೆ ಬಿಸಿಲಲ್ಲಿ ಹಳಿ ಕಾಯುವುದು. ಪೋರ್ಟರ್ ಕೆಲಸ ಕೂಡ ಸಿಗೂದಿಲ್ಲ, ಯಾಕಂದರೆ ಪೋರ್ಟರ್ ಸ್ಟೇಶನ್ ಮಾಸ್ತರನ ಮನಿ ಕೆಲಸಾನೂ ಮಾಡಬೇಕು, ಮನಿಯೊಳಗ ಇವನನ್ನ ಬಿಟ್ಟುಕೊಳ್ಳೂದು ಹ್ಯಾಂಗ? ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆದವರು ಬೆರಳೆಣಿಕೆ.

ಇಲ್ಲಿ ಸ್ವಲ್ಪ ವಿಚಾರ ಮಾಡ್ರಿ. ಅವತ್ತು ಯಾರಾದರೂ “ಅನುಭವ ಇದ್ದವರಿಗೇ ಇಂಜಿನ್ ಕೊಡ್ತೀವಿ” ಅಂದಿದ್ದರೆ ಅದು ಕೇಳೋಕೆ ನ್ಯಾಯದ ಮಾತೇ. ಆದರೆ ಇಂಜಿನ್ ಹತ್ತಲೇ ಬಿಡದ ಜಾತಿಗೆ ಅನುಭವ ಎಲ್ಲಿಂದ ಬರಬೇಕು? ಈಗ ಹೊಸಬರಿಗಾಗಿ ಒಂದು ಬಾಗಿಲು, ಎಲ್ಲರಿಗೂ ಒಂದೇ ಪರೀಕ್ಷೆ, ಆ ಬಾಗಿಲಲ್ಲಿ ರೋಸ್ಟರ್ ಪ್ರಕಾರ ಮೀಸಲು ಜಾಗ ಇವೆ. ಅಪ್ಪನಿಗೆ ರೈಲ್ವೆ ಗೊತ್ತಿರಬೇಕಾಗಿಲ್ಲ, ಗ್ಯಾಂಗ್‌ಮನ್‌ನ ಮೊಮ್ಮಗನೂ ಇಂಜಿನ್ನಿನಲ್ಲಿ ಕೂಡಬಹುದು.

ಒಳಗೆ ಹೋದ ಮೇಲೆ ಜಗಳ ಮುಗಿಯಿತು ಅಂತಲ್ಲ. ಬಡತಿಯಲ್ಲಿ ಮೀಸಲಾತಿ ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದದ್ದೇ ರೈಲ್ವೆಯಿಂದ. 1961ರಲ್ಲಿ ಸದರ್ನ್ ರೈಲ್ವೆಯ ರಂಗಾಚಾರಿ ಪ್ರಕರಣದಲ್ಲಿ ಕೋರ್ಟು ನಮ್ಮ ಕಡೆ ಹೇಳಿತು. 1995ರಲ್ಲಿ ಉತ್ತರ ರೈಲ್ವೆಯ ಗಾರ್ಡುಗಳ ವೀರಪಾಲ ಸಿಂಗ್ ಚೌಹಾಣ ಪ್ರಕರಣ ಬಂತು. ಮೀಸಲು ಜಾಗದಲ್ಲಿ ಮೊದಲು ಬಡತಿ ಪಡೆದವ ಮುಂದೆ ಇರುತ್ತಾನೆ, ಆದರೆ ಕೆಳಗಿನ ದರ್ಜೆಯಲ್ಲಿ ಅವನಿಗಿಂತ ಹಿರಿಯನಾಗಿದ್ದವ ಆಮೇಲೆ ಬಡತಿ ಪಡೆದರೂ ಮತ್ತೆ ಅವನನ್ನು ಹಿಂದೆ ಹಾಕಬಹುದು ಅಂತ ಆಯಿತು. ಇಷ್ಟು ವರ್ಷ ಮೇಲಿನ ಕೆಲಸ ಮಾಡಿದ ಅನುಭವ ಎಲ್ಲಿ ಹೋಯಿತು? ಪಾರ್ಲಿಮೆಂಟ್ 2001ರಲ್ಲಿ 85ನೆಯ ತಿದ್ದುಪಡಿ ಮಾಡಿ ಆ ಹಿರಿತನ ಉಳಿಸಬೇಕಾಯಿತು. ನೋಡ್ರಿ, ‘ಅನುಭವ’, ‘ಹಿರಿತನ’ ಅನ್ನುವ ಶಬ್ದಗಳನ್ನು ಬೇಕಾದಾಗ ಎಣಿಸ್ತಾರ, ಬ್ಯಾಡಾದಾಗ ಬಿಡ್ತಾರ.

ಈಗ ಬೆಂಗಳೂರಿಗೆ ಹೋಗೋಣ. ನಮ್ಮ ಮೆಟ್ರೋ ಕಂಪನಿ 2025ರ ಮಾರ್ಚಿನಲ್ಲಿ 50 ಟ್ರೈನ್ ಆಪರೇಟರ್ ಜಾಗಕ್ಕೆ ಜಾಹೀರಾತು ಕೊಟ್ಟಿತು. ಗುತ್ತಿಗೆ ಕೆಲಸ, ಮೆಟ್ರೋ ಓಡಿಸಿದ ಅನುಭವ ಇರಬೇಕು ಅಂತ ಷರತ್ತು. ಇಲ್ಲಿ ರೈಲ್ವೆಗೆ ಉಲ್ಟಾ, ಹೊಸಬರು ಬ್ಯಾಡ, ಕಲಿತವರೇ ಬೇಕು. ಆದರೆ ಕರ್ನಾಟಕದಲ್ಲಿ ಇರುವುದೇ ಅದೊಂದು ಮೆಟ್ರೋ. ಅನುಭವ ಬೇಕಂದರೆ ದಿಲ್ಲಿಯವ, ಚೆನ್ನೈಯವ, ಹೈದರಾಬಾದಿನವ ಬರಬೇಕು. ಕಲಬುರಗಿಯ ಡಿಪ್ಲೊಮಾ ಹುಡುಗಿ ಎಲ್ಲಿ ಕಲಿತು ಬರಬೇಕು? ಕನ್ನಡಪರ ಸಂಘಟನೆಗಳು ಗದ್ದಲ ಎಬ್ಬಿಸಿದವು, ಜಾಹೀರಾತು ವಾಪಸ್ ಹೋಯಿತು. ಅವರು ಕೇಳಿದ್ದು ಕನ್ನಡದ ಪ್ರಶ್ನೆ, ಸರಿಯೇ. ನಾವು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ‘ಅನುಭವ ಕಡ್ಡಾಯ’ ಮತ್ತು ‘ಗುತ್ತಿಗೆ’ ಈ ಎರಡು ಶಬ್ದ ಕೂಡಿ ಬಂದಲ್ಲಿ ಮೊದಲ ತಲೆಮಾರಿನ ದಲಿತ ಹುಡುಗ ಒಳಗೆ ಹೋಗುವುದು ಹೇಗೆ? 45 ದಿನ ಅಥವಾ ಹೆಚ್ಚಿನ ತಾತ್ಪೂರ್ತಿಕ ನೇಮಕಕ್ಕೂ ಮೀಸಲಾತಿ ಅನ್ವಯ ಅಂತ ಕೇಂದ್ರ ಸರ್ಕಾರದ ಆದೇಶ 1968ರಿಂದಲೇ ಇದೆ. ಕಾಗದದ ಮೇಲಿನ ಆ ಜಾಗಕ್ಕೆ ಅರ್ಜಿ ಹಾಕುವ ಅರ್ಹತೆಯೇ ನಮ್ಮವರಿಗೆ ಸಿಗದಂತೆ ಷರತ್ತು ಇದ್ದರೆ ಆದೇಶ ತಗೊಂಡು ಏನು ಮಾಡೋಣ? ಕಂಪನಿಗೆ ಕಲಿಸುವ ಖರ್ಚು ಉಳಿಯುತ್ತದೆ, ಗಾಡಿ ಬೇಗ ಓಡುತ್ತದೆ, ಅದು ನಿಜ. ಆದರೆ ಆ ಉಳಿತಾಯದ ಬೆಲೆ ಕೊಡುವವರು ನಾವು.

ಅದಕ್ಕೇ ನನ್ನ ಅಭಿಪ್ರಾಯ ಖಡಾಖಡಿ ಹೇಳ್ತೀನಿ. ರೈಲ್ವೆ ಹೊಸಬರನ್ನು ತಗೊಂಡು ತಾನೇ ಕಲಿಸುವ ಪದ್ಧತಿ ಉಳಿಯಬೇಕು. ಅದರ ಸಲುವಾಗಿ ಬಡಿದಾಡಬೇಕು.

ಆ ಬಾಗಿಲಿಗೂ ಒಂದು ದೋಷ ಐತಿ. ಅದು ಯಾವಾಗ ತೆರೀತದೋ ಹೇಳಾಕ ಬರೂದಿಲ್ಲ. 2018ರಲ್ಲಿ ಸಹಾಯಕ ಚಾಲಕರಿಗೆ ಜಾಹೀರಾತು ಬಂತು. ಮುಂದಿನದು ಬಂದದ್ದು 2024ರ ಜನವರಿಯಲ್ಲಿ, ಆರು ವರ್ಷಕ್ಕೆ. 2018ರಲ್ಲಿ 25ರ ಹುಡುಗ ಆಗಿದ್ದವ ಈಗ ಎರಡು ಮಕ್ಕಳ ತಂದೆ. ಅವಾಗ 5,696 ಜಾಗ ಅಂದರು. ಜೂನ್ 17ರಂದು ಬಂಗಾಳದಲ್ಲಿ ಕಾಂಚನಜುಂಗಾ ಗಾಡಿಗೆ ಮಾಲಗಾಡಿ ಬಡಿದು ಅಪಘಾತ ಆಯಿತು. ಕೆಲವೇ ದಿನದಲ್ಲಿ ಜಾಗ 18,799 ಆದವು. ಇಷ್ಟು ಜಾಗ ಖಾಲಿ ಇತ್ತು ಅಂದರೆ ಇದ್ದ ಡ್ರೈವರುಗಳ ರಜೆ, ನಿದ್ದೆ ಎಲ್ಲಿ ಹೋಗಿತ್ತು, ನೀವೇ ಲೆಕ್ಕ ಹಾಕ್ರಿ. 2025ರಲ್ಲಿ 9,970 ಜಾಗ ಬಂದವು. ವರ್ಷಕ್ಕೊಮ್ಮೆ ಕರೆಯುತ್ತೇವೆ ಅಂತ ಈಗ ಹೇಳ್ತಾರ. ಅದು ತಪ್ಪದಂತೆ ನೋಡಿಕೊಳ್ಳುವುದು ಸಂಘಗಳ ಕೆಲಸ.

ಬೇಕಾಗುವುದು ಇಷ್ಟು: ಹತ್ತನೇ ಪಾಸು ಮತ್ತು ಫಿಟರ್, ಇಲೆಕ್ಟ್ರಿಶಿಯನ್, ಡೀಸೆಲ್ ಮೆಕ್ಯಾನಿಕ್ ಇಂಥ ಟ್ರೇಡಿನ ಐಟಿಐ, ಇಲ್ಲವೇ ಇಂಜಿನಿಯರಿಂಗ್ ಡಿಪ್ಲೊಮಾ. ವಯಸ್ಸಿನಲ್ಲಿ ಎಸ್‌ಸಿಗೆ ಐದು ವರ್ಷ ಸವಲತ್ತು. ಪರೀಕ್ಷೆ ಕನ್ನಡದಲ್ಲೂ ಇದೆ, ಮರಾಠಿಯಲ್ಲೂ ಇದೆ. ಆದರೆ ಕೊನೆಯ ಕಂಪ್ಯೂಟರ್ ಚಾಚಣಿಯಲ್ಲಿ, ಗಮನ, ಸ್ಮರಣೆ ನೋಡುವುದು ಅದು, ಒಂದೊಂದು ಭಾಗದಲ್ಲೂ 42 ಅಂಕ ಎಲ್ಲರಿಗೂ ಕಡ್ಡಾಯ. ಅದರಲ್ಲಿ ನಮಗೂ ಸವಲತ್ತಿಲ್ಲ, ಯಾರಿಗೂ ಇಲ್ಲ. ಕಣ್ಣು ಚಷ್ಮಾ ಇಲ್ಲದೆ 6/6 ಇರಬೇಕು, ಬಣ್ಣ ಗುರುತಿಸಬೇಕು. ಕಣ್ಣಿಗೆ ಲೇಸರ್ ಮಾಡಿಸಿದರೆ ನಡೆಯೂದಿಲ್ಲ. ಎರಡು ವರ್ಷ ಓದಿ ಕಡೆಗೆ ಕಣ್ಣಿನ ದವಾಖಾನೆಯಲ್ಲಿ ಬಿದ್ದವರನ್ನ ಕಂಡೀನಿ. ಮೊದಲು ಮಿರಜಕ್ಕೆ ಹೋಗಿ ಕಣ್ಣು ತೋರಿಸಿಕೊಂಡು ಆಮೇಲೆ ಪುಸ್ತಕ ಖರೀದಿ ಮಾಡ್ರಿ.

ಇನ್ನೊಂದು ಗೊಂದಲ. ಅಪ್ರೆಂಟಿಸ್ ಬೇರೆ, ಸಹಾಯಕ ಚಾಲಕನ ತರಬೇತಿ ಬೇರೆ. ಅಪ್ರೆಂಟಿಸ್ ಮುಗಿಸಿದವರಿಗೆ ರೈಲ್ವೆಯ ಎಲ್ಲಕ್ಕಿಂತ ಕೆಳಗಿನ ದರ್ಜೆಯಲ್ಲಿ ನೂರಕ್ಕೆ 20 ಜಾಗ ಇಟ್ಟಿದ್ದಾರೆ, ಕೆಲಸದ ಖಾತ್ರಿ ಇಲ್ಲ. 2018ರ ಮಾರ್ಚ್ 20ರಂದು ಮುಂಬೈಯ ಮಾಟುಂಗಾ–ದಾದರ ನಡುವೆ ಹಳಿ ಮೇಲೆ ಕೂತವರು ಇಂಥ ಹುಡುಗರೇ.

ತಂಗಿಯರು “ಇದು ಗಂಡಸರ ಕೆಲಸ” ಅಂತ ಸುಮ್ಮನೆ ಕೂಡಬ್ಯಾಡ್ರಿ. ಸುರೇಖಾ ಯಾದವ ನಮ್ಮ ಪಕ್ಕದ ಸಾತಾರೆಯವರು, ಕರಾಡದಲ್ಲಿ ಡಿಪ್ಲೊಮಾ ಮಾಡಿದವರು. 1989ರಲ್ಲಿ ಸಹಾಯಕ ಚಾಲಕಿ, 1996ರಲ್ಲಿ ಮಾಲಗಾಡಿ, 2011ರಲ್ಲಿ ಡೆಕ್ಕನ್ ಕ್ವೀನ್, 2023ರಲ್ಲಿ ಸೋಲಾಪುರದಿಂದ ಮುಂಬೈಗೆ ವಂದೇ ಭಾರತ್. 2025ರ ಸೆಪ್ಟೆಂಬರದಲ್ಲಿ ನಿವೃತ್ತರಾದರು. ಏಷ್ಯಾದ ಮೊದಲ ಮಹಿಳಾ ರೈಲು ಚಾಲಕಿ ಅಂತ ಹೆಸರಾದವರೂ ಹೊಸಬರ ಬಾಗಿಲಿಂದಲೇ ಬಂದು ಮೆಟ್ಟಿಲು ಹತ್ತಿದವರು.

ಕಡೆಯದಾಗಿ ಕಾಗದಪತ್ರ. ಗಡಿ ಊರಿನವರು ನಾವು, ಇಲ್ಲೇ ಎಡವುವುದು. ಜಾತಿ ದಾಖಲಾ ಕೇಂದ್ರ ಸರ್ಕಾರದ ನಮೂನೆಯಲ್ಲಿ ಇರಬೇಕು, ರಾಜ್ಯದ್ದು ಸಾಲೂದಿಲ್ಲ. ಬೌದ್ಧ ಧರ್ಮ ಸ್ವೀಕರಿಸಿದ ಮನೆತನಗಳಿಗೆ 1990ರಿಂದ ಕೇಂದ್ರದಲ್ಲೂ ಎಸ್‌ಸಿ ಸವಲತ್ತು ಇದೆ, ಬಿಟ್ಟುಕೊಡಬ್ಯಾಡ್ರಿ. ಅಥಣಿ, ಕಾಗವಾಡ, ರಾಯಬಾಗ ಕಡೆಯಿಂದ 1950ರ ಆಗಸ್ಟ್ 10ರ ನಂತರ ಇಲ್ಲಿಗೆ ಬಂದು ನೆಲೆಸಿದ ಮನೆತನಗಳ ದಾಖಲಾ ಮೂಲ ರಾಜ್ಯದ ಆಧಾರದ ಮೇಲೆ ಆಗುತ್ತದೆ. ಅಜ್ಜನ ಶಾಲೆ ದಾಖಲೆ ಯಾವ ಊರಲ್ಲಿದೆ ಅಂತ ಈಗಲೇ ಹುಡುಕಿಡ್ರಿ, ಜಾಹೀರಾತು ಬಂದ ಮೇಲೆ ಓಡಾಡಿದರೆ ದಿನ ಸಾಲೂದಿಲ್ಲ. ರವಿವಾರ ಮುಂಜಾನೆ ನಾನು ಅಭ್ಯಾಸಿಕೆಯಲ್ಲಿ ಇರ್ತೀನಿ. ಇದ್ದ ಕಾಗದ ತಗೊಂಡು ಬರ್ರಿ, ಕೂತು ನೋಡೋಣ.

ಜೈ ಭೀಮ್.