ಹಲ್ಲಿನ ಕುಳಿಗೆ ನೀಲಿ ಬೆಳಕು



ಹುಳುಕು ಹಲ್ಲಿಗೆ ಫಿಲ್ಲಿಂಗ್ ಮಾಡಿಸಿಕೊಂಡವರು ನಿಮ್ಮಲ್ಲಿ ಅನೇಕರಿರಬಹುದು. ದಂತವೈದ್ಯರು ಹಲ್ಲಿನ ಬಣ್ಣದ ಮೆತ್ತನೆಯ ಪದಾರ್ಥವನ್ನು ಕುಳಿಗೆ ತುಂಬಿ ನೀಲಿ ಬೆಳಕು ಹಾಯಿಸುತ್ತಾರೆ. ಕೆಲವೇ ಸೆಕೆಂಡುಗಳಲ್ಲಿ ಅದು ಗಟ್ಟಿಯಾಗುತ್ತದೆ. ಇದು ಹೇಗೆ?

ಆ ಪದಾರ್ಥದ ಹೆಸರು ಕಾಂಪೋಸಿಟ್. ಇದು ರಾಳ ಹಾಗೂ ಗಾಜಿನಂತಹ ಸೂಕ್ಷ್ಮ ಕಣಗಳ ಮಿಶ್ರಣ. ಇದರ ಮುಖ್ಯ ರಾಳವನ್ನು ರೂಪಿಸಿದವರು ಅಮೆರಿಕದ ರಫೆಲ್ ಬೋವೆನ್; 1962ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಇಂದಿನ ಬಹುಪಾಲು ಕಾಂಪೋಸಿಟ್‌ಗಳಲ್ಲಿ ಕ್ಯಾಂಫರ್‌ಕ್ವಿನೋನ್ ಎಂಬ ಹಳದಿ ವಸ್ತು ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಅದು ಸುಮಾರು 470 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕನ್ನು ಹೀರಿಕೊಂಡು ರಾಸಾಯನಿಕ ಕ್ರಿಯೆಯನ್ನು ಆರಂಭಿಸುತ್ತದೆ. ಆಗ ಬಿಡಿ ಅಣುಗಳು ಬೆಸೆದು ಸರಪಳಿಯಾಗುತ್ತವೆ.

1970ರ ದಶಕದ ಆರಂಭದಲ್ಲಿ ಅತಿನೇರಳೆ ಕಿರಣ ಬಳಸುತ್ತಿದ್ದರು. ಅದು ಆಳಕ್ಕೆ ಇಳಿಯುತ್ತಿರಲಿಲ್ಲ, ಕಣ್ಣಿಗೂ ಅಪಾಯಕಾರಿ. ಅನಂತರ ಬಂದ ಹ್ಯಾಲೊಜೆನ್ ದೀಪದಲ್ಲಿ ಶಕ್ತಿಯ ಬಹುಭಾಗ ಶಾಖವಾಗಿ ಪೋಲಾಗುತ್ತಿತ್ತು. ಈಗ ನೀಲಿ ಎಲ್‌ಇಡಿ ಬಂದಿದೆ. ಇದನ್ನು ಸಾಧಿಸಿದ ಅಕಾಸಾಕಿ, ಅಮಾನೋ, ನಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಆದರೆ ದೀಪ ಸುಧಾರಿಸಿದರಷ್ಟೇ ಸಾಲದು. ಆಳಕ್ಕೆ ಹೋದಂತೆ ಬೆಳಕು ಕ್ಷೀಣಿಸುತ್ತದೆ. ಮೇಲ್ಭಾಗ ಕಲ್ಲಿನಂತಿದ್ದರೂ ತಳ ಹಸಿಯಾಗಿಯೇ ಉಳಿಯಬಹುದು. ಆಗ ಫಿಲ್ಲಿಂಗ್ ಬೇಗ ಕೆಡುತ್ತದೆ, ಅಡಿಯಲ್ಲಿ ಮತ್ತೆ ಹುಳುಕು ಹತ್ತುತ್ತದೆ. ಬಡವನಿಗೆ ಮತ್ತೆ ನೋವು, ಮತ್ತೆ ಖರ್ಚು. ಆದ್ದರಿಂದಲೇ ಸಾಮಾನ್ಯ ಕಾಂಪೋಸಿಟ್ಟನ್ನು ಸುಮಾರು 2 ಮಿಲಿಮೀಟರ್ ಪದರಗಳಲ್ಲಿ ತುಂಬಿ, ಒಂದೊಂದು ಪದರಕ್ಕೂ ಬೆಳಕು ಹಿಡಿಯಬೇಕು. ದೀಪದ ತುದಿ ಸ್ವಚ್ಛವಾಗಿರಬೇಕು, ಹಲ್ಲಿಗೆ ಹತ್ತಿರವಾಗಿ ನೇರವಾಗಿರಬೇಕು. ದೀಪದ ಶಕ್ತಿ ಕುಂದಿದೆಯೇ ಎಂದು ರೇಡಿಯೋಮೀಟರ್‌ನಿಂದ ಆಗಾಗ ಅಳೆಯಬೇಕು.

ನಿಮ್ಮ ಪಾಲಿನ ಕೆಲಸವೂ ಇದೆ. ಬಾಯಿ ಅಗಲವಾಗಿ ತೆರೆದು ಅಲುಗಾಡದೆ ಕುಳಿತುಕೊಳ್ಳಿ. ಆ ಬೆಳಕನ್ನು ನೇರವಾಗಿ ನೋಡಬೇಡಿ. ಕಿತ್ತಳೆ ಬಣ್ಣದ ರಕ್ಷಣಾ ಕನ್ನಡಕ ಕೇಳಿ ಪಡೆಯಿರಿ. ವೈದ್ಯರು ಪದರ ಪದರವಾಗಿ ತುಂಬುವಾಗ ಅವಸರ ಮಾಡಬೇಡಿ.

ಸಾವಿರ ವರ್ಷಗಳ ಹಿಂದೆ ಬಸ್ರಾದಲ್ಲಿ ಜನಿಸಿದ ಇಬ್ನುಲ್ ಹೈಸಮ್ ಬೆಳಕನ್ನು ಪ್ರಯೋಗಗಳಿಂದ ಪರೀಕ್ಷಿಸಿ 'ಕಿತಾಬುಲ್ ಮನಾಝಿರ್' ಬರೆದರು. ಅವರನ್ನು ಹೊಗಳಿ ಸುಮ್ಮನಾಗದೆ, ನಮ್ಮ ಗಂಡು ಹೆಣ್ಣು ಮಕ್ಕಳೆಲ್ಲರನ್ನೂ ವಿಜ್ಞಾನದ ಪ್ರಯೋಗಶಾಲೆಗೆ ಕಳುಹಿಸೋಣ. ಬರೀ ಕಂಠಪಾಠದ ಓದೂ ಮೇಲೆ ಗಟ್ಟಿ, ಒಳಗೆ ಹಸಿ. ವಿದ್ಯೆಯ ಬೆಳಕು ತಳದವರೆಗೆ ಇಳಿಯಲಿ. ಆಮೀನ್.